ಹಬ್ಬದ ಊಟ, ಸಾಲವಿಲ್ಲದ ಊಟ

ಡಿಸೆಂಬರ್ 25 ಕ್ರಿಸ್‌ಮಸ್ ಹಬ್ಬ. ಯೇಸು ಸ್ವಾಮಿ ಹುಟ್ಟಿದ ದಿನ ಎಂದು ಕ್ರೈಸ್ತರು ಈ ಹಬ್ಬ ಮಾಡುತ್ತಾರೆ.

ನಮ್ಮ ಬೀದರ್ ಜಿಲ್ಲೆಯ ಅನೇಕ ಹಳ್ಳಿಗಳಲ್ಲಿ ಮೆಥೊಡಿಸ್ಟ್ ಚರ್ಚುಗಳಿವೆ. ಬಸವಕಲ್ಯಾಣ, ಹುಮನಾಬಾದ ಕಡೆಯ ಹಳ್ಳಿಗಳಲ್ಲೂ ಈ ಹಬ್ಬ ನಡೆಯುತ್ತದೆ. ಮನೆಗೆ ಸುಣ್ಣ ಬಳಿಯುತ್ತಾರೆ. ಬಾಗಿಲಿಗೆ ನಕ್ಷತ್ರ ಕಟ್ಟುತ್ತಾರೆ. ಹೊಸ ಬಟ್ಟೆ ತರುತ್ತಾರೆ. ಬೀಗರು, ನೆಂಟರು, ನೆರೆಯವರು ಊಟಕ್ಕೆ ಬರುತ್ತಾರೆ.

ಹಬ್ಬದ ಊಟ ಅಂದರೆ ಸಂತೋಷ. ಆದರೆ ಹಬ್ಬ ಮುಗಿದ ಮೇಲೆ ಕೆಲವರ ಮನೆಯಲ್ಲಿ ಸಾಲ ಉಳಿಯುತ್ತದೆ. ಕೆಲವರ ಮನೆಯಲ್ಲಿ ಅನ್ನ ಉಳಿದು ಹಳಸುತ್ತದೆ. ಅಡುಗೆ ಮಾಡಿದ ಹೆಣ್ಣುಮಗಳು ಚರ್ಚಿಗೂ ಹೋಗುವುದಿಲ್ಲ. ಎಲ್ಲರ ಊಟ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಾಳೆ.

ಹೀಗೆ ಆಗದಂತೆ ಮಾಡಬಹುದೇ? ಮಾಡಬಹುದು. ಅದಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲ್.

ಒಂದು ಮನೆಯ ಮಾತು

ಕೊಹಿನೂರ ಕಡೆಯ ಒಂದು ಮನೆ ಎಂದು ತಿಳಿಯೋಣ. ಮನೆಯಲ್ಲಿ ತಾಯಿ, ಮಗ, ಸೊಸೆ, ಮೊಮ್ಮಕ್ಕಳು ಇದ್ದಾರೆ. ಮೂರು ಎಕರೆ ಹೊಲ ಇದೆ. ಉಳಿದ ದಿನ ಕೂಲಿ ಕೆಲಸ. ತಾಯಿ ಸಾಕ್ಷರತಾ ಕೇಂದ್ರದಲ್ಲಿ ಓದು ಬರಹ ಕಲಿತಿದ್ದಾಳೆ. ಹಬ್ಬಕ್ಕೆ ಇನ್ನೂ ಮೂರು ವಾರ ಇದೆ.

ಮಗ: ಯವ್ವಾ, ಈ ಸಲ ಐದು ಕಿಲೊ ಮಾಂಸ ತರೋಣು. ಮಂದಿ ಮುಂದ ಕಮ್ಮಿ ಆಗಬಾರದು.

ತಾಯಿ: ರೊಕ್ಕ ಎಲ್ಲಿಂದ ತರ್ತಿ ತಮ್ಮಾ?

ಮಗ: ನಾಕು ಸಾವಿರ ಸಾಲ ತರ್ತೀನಿ. ನೂರಕ್ಕ ತಿಂಗಳಿಗಿ ಮೂರು ರೂಪಾಯಿ ಬಡ್ಡಿ. ಅದೇನ್ ದೊಡ್ಡದು?

ತಾಯಿ: ಹಾಂಗ ಬಾಯಿಲೆ ಹೇಳಬ್ಯಾಡ. ತಡಿ, ಬರ್ದು ನೋಡ್ತೀನಿ.

ತಾಯಿ ಬರೆದ ಲೆಕ್ಕ ಇದು.

4,000 ರೂಪಾಯಿಯಲ್ಲಿ ನೂರು ಎಷ್ಟು ಇವೆ? 40.
ನೂರಕ್ಕೆ 3 ರೂಪಾಯಿ ಬಡ್ಡಿ. 40 × 3 = 120. ಇದು ಒಂದು ತಿಂಗಳ ಬಡ್ಡಿ.
ಒಂದು ವರ್ಷಕ್ಕೆ 120 × 12 = 1,440 ರೂಪಾಯಿ.
ಅಸಲು 4,000. ಬಡ್ಡಿ 1,440. ಎರಡೂ ಸೇರಿ 5,440 ರೂಪಾಯಿ.

ತಾಯಿ: ನೋಡು ತಮ್ಮಾ. ಉಂಡಿದ್ದು ಒಂದು ದಿನ. ತೀರ್ಸೂದು ವರ್ಷಗಟ್ಲೆ. ಮುಂದಿನ ಹಬ್ಬ ಬಂದ್ರೂ ಈ ಹಬ್ಬದ ಸಾಲ ಹಾಂಗೇ ಇರ್ತದ.

ಸೊಸೆ: ಹೌದ್ರಿ ಅತ್ತಿ. ಹೋದ ವರ್ಷ ಅನ್ನ ಉಳೀತು, ಹುಗ್ಗಿ ಸಾಲ್ಲಿಲ್ಲ. ಎಷ್ಟ್ ಮಂದಿ ಬರ್ತಾರಂತ ಯಾರೂ ಎಣಿಸಿರ್ಲಿಲ್ಲ.

ತಾಯಿ: ಈ ಸಲ ಎಣಿಸೋಣು ಯವ್ವಾ. ನೀ ಹೇಳು, ನಾ ಬರೀತೀನಿ.

ಮೊದಲು ಮಂದಿ ಎಣಿಸಿ

ಊಟಕ್ಕೆ ಏನು ಮಾಡಬೇಕು ಎನ್ನುವುದು ಎರಡನೆಯ ಮಾತು. ಎಷ್ಟು ಮಂದಿಗೆ ಮಾಡಬೇಕು ಎನ್ನುವುದು ಮೊದಲ ಮಾತು.

ಈ ಮನೆಗೆ ಬರುವವರು, ಮನೆಯವರು ಎಲ್ಲರೂ ಸೇರಿ 30 ಮಂದಿ. ದೊಡ್ಡವರು 20. ಚಿಕ್ಕ ಮಕ್ಕಳು 10. ಇಬ್ಬರು ಮಕ್ಕಳ ಊಟ ಒಬ್ಬ ದೊಡ್ಡವರ ಊಟಕ್ಕೆ ಸಮ ಎಂದು ಹಿಡಿಯಿರಿ. 10 ಮಕ್ಕಳಿಗೆ 5 ಊಟ. ಒಟ್ಟು 25 ಊಟ.

ಇವರಲ್ಲಿ ಮಾಂಸ ತಿನ್ನದವರು ಎಷ್ಟು? ದೊಡ್ಡವರು 4, ಮಕ್ಕಳು 2. ಅಂದರೆ 5 ಊಟ. ಮಾಂಸದ ಊಟ 20.

ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಎಲೆಯ ಮೇಲೆ ಏನೇನು?

ಹಬ್ಬದ ಊಟ ಅಂದ ಕೂಡಲೇ ನಮ್ಮ ಮನಸ್ಸು ಮಾಂಸದ ಕಡೆ ಹೋಗುತ್ತದೆ. ಆದರೆ ಊಟ ತುಂಬುವುದು ಜೊತೆಗಿನ ಪದಾರ್ಥಗಳಿಂದ. ರೊಟ್ಟಿಗೆ ಹಚ್ಚಿಕೊಳ್ಳಲು ಏನಿದೆ? ಅನ್ನಕ್ಕೆ ಏನಿದೆ? ಸಿಹಿ ಏನು? ಹಸಿಯದು ಏನು? ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ನಾಲ್ಕಕ್ಕೂ ಉತ್ತರ ಇದ್ದರೆ ಮಾಂಸ ಸ್ವಲ್ಪ ಕಡಿಮೆ ಇದ್ದರೂ ಊಟ ದೊಡ್ಡದು.

ಡಿಸೆಂಬರ್ ತಿಂಗಳಲ್ಲಿ ನಮ್ಮ ಹೊಲ ನೋಡಿ. ತೊಗರಿ ಕಾಯಿ ಹಸಿರಾಗಿ ಸಿಗುತ್ತದೆ. ಕಡಲೆ ಗಿಡದ ಎಳೆ ತಪ್ಪಲು ಸಿಗುತ್ತದೆ. ಮೆಂತ್ಯ, ಮೂಲಂಗಿ, ಬದನೆಕಾಯಿ, ಅವರೆಕಾಯಿ ಅಗ್ಗ. ಕಬ್ಬು ಕಡಿಯುವ ಕಾಲ. ಹೊಸ ಬೆಲ್ಲ ಬರುತ್ತದೆ. ಇದೇ ಸುಮಾರಿಗೆ ಎಳ್ಳಮಾಸಿಯೂ ಬರುತ್ತದೆ. ಎಳ್ಳಮಾಸಿಗೆ ಹೊಲದಲ್ಲಿ ಕುಳಿತು ಉಣ್ಣುವ ಭಜ್ಜಿ ಎಲ್ಲರಿಗೂ ಗೊತ್ತು. ಅದೇ ಭಜ್ಜಿ ಕ್ರಿಸ್‌ಮಸ್ ಊಟಕ್ಕೂ ಚೆಂದ. ಹಬ್ಬ ಬೇರೆ ಇರಬಹುದು, ಹೊಲ ಒಂದೇ.

ತಾಯಿ ಮತ್ತು ಸೊಸೆ ಸೇರಿ ಮಾಡಿದ ಪಟ್ಟಿ ಹೀಗಿದೆ. ಇದು 25 ಊಟಕ್ಕೆ.

1. ಗೋಧಿ ಹುಗ್ಗಿ. ಕುಟ್ಟಿದ ಗೋಧಿ ಒಂದೂವರೆ ಕಿಲೊ. ಬೆಲ್ಲ ಒಂದೂವರೆ ಕಿಲೊ. ಒಣ ಕೊಬ್ಬರಿ ಕಾಲು ಕಿಲೊ. ಸ್ವಲ್ಪ ಗಸಗಸೆ, ಏಲಕ್ಕಿ, ಒಣ ಶುಂಠಿ.

2. ಜೋಳದ ರೊಟ್ಟಿ. ಒಬ್ಬರಿಗೆ 2 ರಂತೆ 50 ರೊಟ್ಟಿ. ಒಂದು ಕಿಲೊ ಹಿಟ್ಟಿಗೆ ಸುಮಾರು 15 ರೊಟ್ಟಿ ಆಗುತ್ತವೆ. ಹಿಟ್ಟು ಮೂರೂವರೆ ಕಿಲೊ.

3. ಮಾಂಸದ ಸಾರು. ಒಬ್ಬರಿಗೆ 125 ಗ್ರಾಂ. 20 × 125 = 2,500 ಗ್ರಾಂ. ಅಂದರೆ ಎರಡೂವರೆ ಕಿಲೊ.

4. ತುಂಬುಗಾಯಿ ಬದನೆ. ಎಳೆ ಬದನೆಕಾಯಿ ಎರಡೂವರೆ ಕಿಲೊ. ಒಳಗೆ ತುಂಬಲು ಶೇಂಗಾ, ಎಳ್ಳು, ಹುಣಸೆ, ಬೆಲ್ಲ, ಖಾರ.

5. ಭಜ್ಜಿ. ಹಸಿ ತೊಗರಿ ಕಾಳು, ಅವರೆ ಕಾಳು, ಮೆಂತ್ಯ ತಪ್ಪಲು, ಕಡಲೆ ಹಿಟ್ಟು, ಹುಣಸೆ ಹುಳಿ.

6. ಅನ್ನ. ಒಬ್ಬರಿಗೆ 80 ಗ್ರಾಂ ಅಕ್ಕಿ. 25 × 80 = 2,000 ಗ್ರಾಂ. ಅಂದರೆ ಎರಡು ಕಿಲೊ.

7. ತೊಗರಿ ಬೇಳೆ ಸಾರು. ಬೇಳೆ ಅರ್ಧ ಕಿಲೊ.

8. ಪಚಡಿ. ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ, ಹಸಿ ಮೆಂತ್ಯ ತಪ್ಪಲು.

9. ಶೇಂಗಾ ಹಿಂಡಿ, ಮಜ್ಜಿಗೆ.

ಹೋದ ವರ್ಷ ಅನ್ನಕ್ಕೆ ಅಂದಾಜಿನ ಮೇಲೆ ಅಕ್ಕಿ ಹಾಕಿದ್ದರು. ಈ ಸಲ ಲೆಕ್ಕದ ಮೇಲೆ ಹಾಕಿದರು. ರೊಟ್ಟಿ, ಹುಗ್ಗಿ ಉಂಡವರು ಅನ್ನ ಕಡಿಮೆ ಉಣ್ಣುತ್ತಾರೆ. ಇದನ್ನು ಮರೆಯಬಾರದು.

ಮಗ: ಐದು ಕಿಲೊ ಇದ್ದದ್ದು ಎರಡೂವರಿ ಕಿಲೊ ಆತಲ್ಲ ಯವ್ವಾ. ಮಂದಿ ಏನಂತಾರ?

ತಾಯಿ: ಎಲಿ ಮ್ಯಾಲ ಒಂಬತ್ತು ಥರ ಇರ್ತದ ತಮ್ಮಾ. ಹೊಟ್ಟಿ ತುಂಬಿದ ಮಂದಿ ಏನೂ ಅನ್ನಲ್ಲ.

ಎರಡೂವರೆ ಕಿಲೊ ಕೊಳ್ಳಲೂ ಹಣ ಸಾಲದಿದ್ದರೆ? ಆಗ ದಾಲ್ಚಾ ಮಾಡಬಹುದು. ಕಡಲೆ ಬೇಳೆ, ಸೋರೆಕಾಯಿ, ಹುಣಸೆ ಹುಳಿ ಹಾಕಿ ಸ್ವಲ್ಪವೇ ಮಾಂಸದಲ್ಲಿ ಮಾಡುವ ಸಾರು ಅದು. ಒಂದು ಕಿಲೊ ಮಾಂಸ ಎಲ್ಲರಿಗೂ ಸಾಲುತ್ತದೆ. ಬೇಳೆಯಲ್ಲೂ ಮೈಗೆ ಬಲ ಕೊಡುವ ಸತ್ವ ಇದೆ. ಬೀದರ್, ಕಲಬುರಗಿ, ಹೈದರಾಬಾದ್ ಕಡೆ ದೊಡ್ಡ ದೊಡ್ಡ ಊಟಗಳಲ್ಲಿ ದಾಲ್ಚಾ ಬಡಿಸುತ್ತಾರೆ. ಅದನ್ನು ಯಾರೂ ಬಡವರ ಊಟ ಅನ್ನುವುದಿಲ್ಲ.

ಬೇರೆ ಕಡೆ ಹಬ್ಬದ ಊಟ

ಕ್ರಿಸ್‌ಮಸ್‌ಗೆ ಇಂಥದ್ದೇ ಊಟ ಆಗಬೇಕು ಎಂಬ ನಿಯಮ ಇಲ್ಲ. ಒಂದೊಂದು ನಾಡಿನಲ್ಲಿ ಒಂದೊಂದು ಊಟ.

ನಮ್ಮ ರಾಜ್ಯದ ಮಂಗಳೂರು ಕಡೆ ತೆಂಗು, ಅಕ್ಕಿ ಹೆಚ್ಚು. ಅಲ್ಲಿಯ ಕ್ರೈಸ್ತರು ಅಕ್ಕಿಯಿಂದ ಸಾನ್ನಾ ಎಂಬ ಮೆತ್ತನೆಯ ಇಡ್ಲಿ ಮಾಡುತ್ತಾರೆ. ಅದನ್ನು ಮಾಂಸದ ಸಾರಿನ ಜೊತೆ ಉಣ್ಣುತ್ತಾರೆ. ಹಬ್ಬದ ತಿಂಡಿಗಳಿಗೆ ಕುಸ್ವಾರ್ ಅನ್ನುತ್ತಾರೆ. ಅದನ್ನು ತಟ್ಟೆಯಲ್ಲಿಟ್ಟು ನೆರೆಮನೆಗಳಿಗೆ ಹಂಚುತ್ತಾರೆ.

ಇಂಗ್ಲೆಂಡಿನಲ್ಲಿ ಟರ್ಕಿ ಎಂಬ ದೊಡ್ಡ ಕೋಳಿಯನ್ನು ಸುಡುತ್ತಾರೆ. ಜೊತೆಗೆ ಅಲ್ಲಿ ಚಳಿಗಾಲದಲ್ಲಿ ಸಿಗುವ ಆಲೂಗಡ್ಡೆ, ಗಜ್ಜರಿ ಇರುತ್ತವೆ.

ಆಫ್ರಿಕಾದ ಇಥಿಯೋಪಿಯಾ ದೇಶದಲ್ಲಿ ಈ ಹಬ್ಬ ಜನವರಿ 7ಕ್ಕೆ. ಅಲ್ಲಿ ಟೆಫ್ ಎಂಬ ಸಣ್ಣ ಧಾನ್ಯ ಬೆಳೆಯುತ್ತಾರೆ. ಅದರ ಹಿಟ್ಟನ್ನು ಹುಳಿ ಬರಿಸಿ ಅಗಲವಾದ ರೊಟ್ಟಿ ಮಾಡುತ್ತಾರೆ. ಅದಕ್ಕೆ ಖಾರದ ಕೋಳಿ ಸಾರು. ನಮ್ಮ ರೊಟ್ಟಿ, ಸಾರಿನ ಹಾಗೆಯೇ.

ಯುರೋಪಿನ ಪೋಲೆಂಡ್ ದೇಶದಲ್ಲಿ ಡಿಸೆಂಬರ್ 24ರ ರಾತ್ರಿ ಮುಖ್ಯ ಊಟ. ಸಂಪ್ರದಾಯದ ಪ್ರಕಾರ ಅಂದು ಮಾಂಸ ಮಾಡುವುದಿಲ್ಲ. ಮೀನು, ಕಾಳು, ಕಾಯಿಪಲ್ಯ ಸೇರಿ 12 ಬಗೆ ಮಾಡುತ್ತಾರೆ.

ಇದರಿಂದ ಏನು ತಿಳಿಯಿತು? ಎಲ್ಲರೂ ತಮ್ಮ ನೆಲದಲ್ಲಿ ಬೆಳೆದದ್ದನ್ನೇ ಹಬ್ಬಕ್ಕೆ ಉಣ್ಣುತ್ತಾರೆ. ನಮ್ಮ ಜೋಳ, ತೊಗರಿ, ಗೋಧಿ, ಬೆಲ್ಲ ಯಾರ ಊಟಕ್ಕೂ ಕಡಿಮೆ ಇಲ್ಲ.

ಮೂರು ಗುಂಪು ಮಾಡಿ

ಪಟ್ಟಿ ಆಯಿತು. ಇನ್ನು ಪಟ್ಟಿಯ ಸಾಮಾನನ್ನು ಮೂರು ಗುಂಪು ಮಾಡಿ.

ಮನೆಯಲ್ಲಿ ಇರುವುದು: ಜೋಳ, ಗೋಧಿ, ತೊಗರಿ ಬೇಳೆ, ಶೇಂಗಾ, ಹುಣಸೆಹಣ್ಣು, ರೇಷನ್ ಅಕ್ಕಿ.
ಹೊಲದಲ್ಲಿ ಸಿಗುವುದು: ಹಸಿ ತೊಗರಿ, ಅವರೆಕಾಯಿ, ಮೆಂತ್ಯ ತಪ್ಪಲು, ಮೂಲಂಗಿ.
ಕೊಳ್ಳಬೇಕಾದದ್ದು: ಮಾಂಸ, ಬೆಲ್ಲ, ಕೊಬ್ಬರಿ, ಎಣ್ಣೆ, ಬದನೆಕಾಯಿ, ಸೌತೆಕಾಯಿ, ಉಳ್ಳಾಗಡ್ಡಿ, ಎಳ್ಳು, ಗಸಗಸೆ, ಏಲಕ್ಕಿ, ಒಣ ಶುಂಠಿ, ಕಡಲೆ ಹಿಟ್ಟು, ಮೊಸರು.

ಹಣ ಬೇಕಾದದ್ದು ಮೂರನೆಯ ಗುಂಪಿಗೆ ಮಾತ್ರ. ಸಂತೆಗೆ ಹೋದಾಗ ದರ ಕೇಳಿ ಬರೆದುಕೊಳ್ಳಿ. ಒಂದೇ ಅಂಗಡಿಯಲ್ಲಿ ಕೇಳಬೇಡಿ, ಎರಡು ಮೂರು ಕಡೆ ಕೇಳಿ. ದರದ ಮುಂದೆ ಪ್ರಮಾಣ ಬರೆಯಿರಿ. ಗುಣಿಸಿ, ಕೂಡಿಸಿ.

ಮೊತ್ತ ನಿಮ್ಮ ಕೈಯಲ್ಲಿರುವ ಹಣಕ್ಕಿಂತ ಹೆಚ್ಚಾಯಿತೇ? ಪಟ್ಟಿ ಕಡಿಮೆ ಮಾಡಿ. ಸಾಲ ಹೆಚ್ಚು ಮಾಡಬೇಡಿ.

ಮುಂದಿನ ವರ್ಷಕ್ಕೆ ಇನ್ನೊಂದು ದಾರಿ ಇದೆ. ಜುಲೈ ಮೊದಲ ವಾರದಿಂದ ಹಬ್ಬದವರೆಗೆ ಸುಮಾರು 25 ವಾರ. ವಾರಕ್ಕೆ 100 ರೂಪಾಯಿ ಸ್ವಸಹಾಯ ಸಂಘದಲ್ಲಿ ಉಳಿತಾಯ ಮಾಡಿದರೆ 25 × 100 = 2,500 ರೂಪಾಯಿ ಆಗುತ್ತದೆ. ಅದು ನಿಮ್ಮ ಹಣ. ಅದಕ್ಕೆ ಯಾರಿಗೂ ಬಡ್ಡಿ ಕೊಡಬೇಕಾಗಿಲ್ಲ.

ನಮ್ಮದು ಕಲ್ಯಾಣದ ನೆಲ. 12ನೇ ಶತಮಾನದಲ್ಲಿ ಬಸವಣ್ಣನವರು ಮತ್ತು ಶರಣರು ಇಲ್ಲಿ ಕಾಯಕ, ದಾಸೋಹದ ಮಾತು ಹೇಳಿದರು. ದಾಸೋಹ ಅಂದರೆ ದುಡಿದು ತಂದದ್ದನ್ನು ಹಂಚಿ ಉಣ್ಣುವುದು. ಈ ಮಾತು ಯಾವ ಧರ್ಮದವರ ಹಬ್ಬಕ್ಕಾದರೂ ಹೊಂದುತ್ತದೆ.

ಯಾರ ಕೆಲಸ ಯಾವುದು?

ಸೊಸೆ: ಅತ್ತಿ, ಒಂದ್ ಮಾತು ಹೇಳ್ಲ್ಯಾ? ನಾ ಮದಿವಿ ಆಗಿ ಬಂದ ಮ್ಯಾಲ ಒಂದು ಸಲನೂ ಹಬ್ಬದ ದಿನ ಚರ್ಚಿಗಿ ಹೋಗಿಲ್ಲ. ಒಲಿ ಮುಂದೇ ಹಬ್ಬ ಮುಗೀತದ.

ತಾಯಿ: ನಂದೂ ಹಾಂಗೇ ಆಗ್ಯಾದ ಯವ್ವಾ. ಎಷ್ಟೋ ವರ್ಷ. ಈ ಸಲ ಕೆಲಸಾನೂ ಪಟ್ಟಿ ಮಾಡೋಣು. ತಮ್ಮಾ, ನಿನ್ನ ಹೆಸರೂ ಬರೀತೀನಿ.

ಎಲ್ಲ ಅಡುಗೆಯನ್ನೂ ಹಬ್ಬದ ದಿನವೇ ಮಾಡಬೇಕಾಗಿಲ್ಲ. ಯಾವುದು ಕೆಡುವುದಿಲ್ಲವೋ ಅದನ್ನು ಮೊದಲೇ ಮಾಡಿಡಿ.

ಡಿಸೆಂಬರ್ 15ರಿಂದ 18: ಜೋಳ ಬೀಸಿಸುವುದು, ಗೋಧಿ ಕುಟ್ಟುವುದು. ಗಿರಣಿಗೆ ಮಗ ಹೋಗುತ್ತಾನೆ.

20, 21: ಶೇಂಗಾ ಹಿಂಡಿ. ಹಂಚುವ ಫರಾಳ. ಚಕ್ಕುಲಿ, ಕರ್ಚಿಕಾಯಿ, ಶಂಕರಪಾಳಿಯಲ್ಲಿ ಎರಡು ಬಗೆ ಸಾಕು.

22, 23: ಖಡಕ್ ರೊಟ್ಟಿ. ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ಇಟ್ಟರೆ ಅನೇಕ ದಿನ ಕೆಡುವುದಿಲ್ಲ. ನೆರೆಯ ಹೆಣ್ಣುಮಕ್ಕಳು ಜೊತೆಗೂಡಿದರೆ 50 ರೊಟ್ಟಿ ಬೇಗ ಮುಗಿಯುತ್ತವೆ. ಅವರ ಹಬ್ಬಕ್ಕೆ ನೀವು ಹೋಗಿ.

24: ಉಳ್ಳಾಗಡ್ಡಿ, ಕೊಬ್ಬರಿ ಹುರಿದು ಮಸಾಲೆ ಅರೆಯುವುದು. ತೊಗರಿ, ಅವರೆ ಕಾಯಿ ಸುಲಿಯುವುದು. ಈ ಕೆಲಸ ಮಕ್ಕಳಿಗೂ ಬರುತ್ತದೆ. ರಾತ್ರಿ ಹಾಡು ಹೇಳುತ್ತ ಬರುವವರಿಗೆ ಚಹಾ. ಮಲಗುವ ಮೊದಲು ಹುಗ್ಗಿಯ ಗೋಧಿ ನೆನೆಹಾಕುವುದು.

25 ಬೆಳಿಗ್ಗೆ: ಮಗ ನೀರು, ಕಟ್ಟಿಗೆ, ಮಾಂಸ ತರುತ್ತಾನೆ. ಸೊಸೆ ಹುಗ್ಗಿ, ತಾಯಿ ಬದನೆ ಮತ್ತು ಭಜ್ಜಿ. ತಂದ ಕೂಡಲೇ ಮಾಂಸವನ್ನು ಅರಿಶಿನ, ಉಪ್ಪು ಹಾಕಿ ಬೇಯಿಸಿಡುವುದು. ಎಲ್ಲರೂ ಚರ್ಚಿಗೆ.

ಬಂದ ಮೇಲೆ: ಮಾಂಸಕ್ಕೆ ಮಸಾಲೆ ಹಾಕಿ ಚೆನ್ನಾಗಿ ಕುದಿಸುವುದು. ಹುಗ್ಗಿ, ಬದನೆ, ಭಜ್ಜಿಯನ್ನೂ ಮತ್ತೆ ಬಿಸಿ ಮಾಡುವುದು. ಅನ್ನ, ಬೇಳೆ ಸಾರು, ಪಚಡಿ. ಬಡಿಸುವುದು ಗಂಡಸರ ಕೆಲಸ. ಮೊದಲ ಪಂಕ್ತಿಯಲ್ಲಿ ಮಕ್ಕಳು, ಮುದುಕರು ಮತ್ತು ಅಡುಗೆ ಮಾಡಿದವರು.

ಕೊನೆಯ ಸಾಲನ್ನು ಸೊಸೆ ಎರಡು ಸಲ ಓದಿದಳು. ಆಮೇಲೆ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದಳು.

ಇವನ್ನು ನೆನಪಿಡಿ

ಮಾಂಸ ತಿನ್ನದವರ ಅಡುಗೆಗೆ ಬೇರೆ ಪಾತ್ರೆ, ಬೇರೆ ಸೌಟು ಇಡಿ. ಅವರಿಗೆ ಮೊದಲೇ ಹೇಳಿ. ಆಗ ಅವರು ಸಂಕೋಚ ಇಲ್ಲದೆ ಉಣ್ಣುತ್ತಾರೆ. ಊಟಕ್ಕೆ ಬರಲಾರದ ನೆರೆಯವರಿಗೆ ಫರಾಳ ಕಳಿಸಿ.

ಮಾಂಸ ಕೊಯ್ದ ಚಾಕು, ಮಣೆಯಲ್ಲಿ ಪಚಡಿಯ ಕಾಯಿಪಲ್ಯ ಕೊಯ್ಯಬೇಡಿ. ಹಸಿ ಮಾಂಸದಲ್ಲಿ ಕಣ್ಣಿಗೆ ಕಾಣದ ರೋಗಾಣು ಇರುತ್ತವೆ. ಪಚಡಿ ಬೇಯಿಸುವುದಿಲ್ಲ, ಆದ್ದರಿಂದ ಅವು ಸಾಯುವುದಿಲ್ಲ. ಕೈಯನ್ನು ಸಾಬೂನಿನಿಂದ ತೊಳೆಯಿರಿ.

ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಣಸೆ ಹುಳಿಯ ಅಡುಗೆ ಮಾಡಬೇಡಿ. ಹುಳಿಗೆ ತಾಮ್ರ ಕರಗಿ ಅಡುಗೆಗೆ ಸೇರುತ್ತದೆ. ಅದರಿಂದ ವಾಂತಿ ಆಗುತ್ತದೆ.

ಹಾಲನ್ನು ಹುಗ್ಗಿಯ ಪಾತ್ರೆಗೆ ಸುರಿಯಬೇಡಿ. ಉಣ್ಣುವಾಗ ಬಟ್ಟಲಿಗೆ ಹಾಕಿಕೊಳ್ಳಿ. ಆಗ ಉಳಿದ ಹುಗ್ಗಿ ಬೇಗ ಕೆಡುವುದಿಲ್ಲ.

ಅನ್ನ, ಮಾಂಸ ಎರಡು ತಾಸಿಗಿಂತ ಹೆಚ್ಚು ಹೊತ್ತು ಆರಿ ಬಿದ್ದಿರಬಾರದು. ಉಳಿಯುತ್ತದೆ ಎಂದು ಕಂಡರೆ ಒಳ್ಳೆಯದಿರುವಾಗಲೇ ಹಂಚಿಬಿಡಿ.

ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಹುಗ್ಗಿ ಎರಡು ತುತ್ತು ಸಾಕು. ಭಜ್ಜಿ, ಪಚಡಿ ಹೆಚ್ಚು ಬಡಿಸಿ.

ಪದಗಳ ಅರ್ಥ

ಅಸಲು = ಸಾಲವಾಗಿ ತಂದ ಮೂಲ ಹಣ
ಪ್ರಮಾಣ = ಎಷ್ಟು ಎಂಬ ಅಳತೆ
ಮೊತ್ತ = ಎಲ್ಲ ಕೂಡಿಸಿದಾಗ ಬರುವ ಲೆಕ್ಕ
ಸತ್ವ = ಮೈಗೆ ಬಲ ಕೊಡುವ ಅಂಶ

ಲೆಕ್ಕ ಮಾಡಿ

1. ಊಟಕ್ಕೆ 40 ದೊಡ್ಡವರು, 12 ಮಕ್ಕಳು ಬರುತ್ತಾರೆ. ಇಬ್ಬರು ಮಕ್ಕಳಿಗೆ ಒಂದು ಊಟ. ಒಟ್ಟು ಎಷ್ಟು ಊಟ? ಒಬ್ಬರಿಗೆ 80 ಗ್ರಾಂ ಅಕ್ಕಿ ಆದರೆ ಒಟ್ಟು ಅಕ್ಕಿ ಎಷ್ಟು?

2. ಹಬ್ಬಕ್ಕೆ 3,000 ರೂಪಾಯಿ ಸಾಲ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ. ಆರು ತಿಂಗಳಿಗೆ ಬಡ್ಡಿ ಎಷ್ಟು? ಅಸಲು, ಬಡ್ಡಿ ಸೇರಿ ಎಷ್ಟು?

ಕೂಡಿ ಮಾತಾಡಿ

1. ನಿಮ್ಮ ಊರಲ್ಲಿ ಹಬ್ಬಕ್ಕೆ, ಮದುವೆಗೆ ಸಾಲ ಯಾಕೆ ಮಾಡುತ್ತಾರೆ? ಮಂದಿ ಏನನ್ನುತ್ತಾರೋ ಎಂಬ ಅಂಜಿಕೆ ಎಷ್ಟು?

2. ನಿಮ್ಮ ಮನೆಯಲ್ಲಿ ಹಬ್ಬದ ದಿನ ಕೊನೆಗೆ ಉಣ್ಣುವವರು ಯಾರು?

ಬರೆಯಿರಿ

ನಿಮ್ಮ ಮನೆಯ ಮುಂದಿನ ಹಬ್ಬ ಯಾವುದು? ನಾಗಪಂಚಮಿ, ಈದ್, ಎಳ್ಳಮಾಸಿ, ಕ್ರಿಸ್‌ಮಸ್, ಯಾವುದೇ ಇರಲಿ. ಎಷ್ಟು ಮಂದಿ, ಏನು ಅಡುಗೆ, ಎಷ್ಟು ಸಾಮಾನು, ಯಾರ ಕೆಲಸ ಯಾವುದು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮನೆಯವರಿಗೆಲ್ಲ ಓದಿ ಹೇಳಿ.